ಮಾವನ ಕಿವಿ, ತಳ ಬಿರಿದ ದೋಣಿ

ನಮ್ಮ ಸೋದರಮಾವನಿಗೆ ದೇವರು ಎರಡು ಕಣ್ಣು ಕೊಟ್ಟದ್ದು ಬರೀ ಮುಖದ ಅಂದಕ್ಕೆ! ಹಳೆಯ ಕಂಚಿನ ಪಾತ್ರೆ ಕೈಗೆ ಸಿಕ್ಕಿತೋ, ಬೆರಳ ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ನಾದ ಕೇಳುತ್ತಾ ನಿಂತುಬಿಡುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ನಾದ ಒಡೆಯುತ್ತದೆ. ಅದನ್ನು ಹಿಡಿಯುವ ಕಿವಿ ಉಡುಪಿಯಿಂದ ಕಾರ್ಕಳದ ತನಕ ಅವರೊಬ್ಬರಿಗೇ ಇದ್ದದ್ದು. ಚೌಕಾಸಿಗೆ ನಾನು, ಕಿವಿಗೆ ಅವರು. ಹಾಗೆ ನಡೆಯುತ್ತಿತ್ತು ನಮ್ಮ ವ್ಯಾಪಾರ. ನೀವೂ ಹಳೆ ಪಾತ್ರೆ ಕೊಳ್ಳುವವರಾದರೆ ಅಂಥದೊಂದು ಕಿವಿ ಜೊತೆಗಿರಲಿ. ಆದರೆ ಅದರ ಜೊತೆ ರಸ್ತೆ ಮಾತ್ರ ದಾಟಬೇಡಿ!

ಕಾರ್ಕಳದಲ್ಲಿ ಒಮ್ಮೆ ಚೊಂಬು ಬಡಿಯುತ್ತಾ ನಿಂತರು. ಅತ್ತೆ ಕೂತಿದ್ದ ಬಸ್ಸು ಹೊರಟೇಬಿಟ್ಟಿತು. "ಹತ್ತಿ ಮಾರಾಯ್ರೇ!" ಎಂದು ಅತ್ತೆ ಕಿಟಕಿಯಿಂದ ಕೂಗಿದರೆ, ಮಾವ, "ಶ್! ಯಾರದು ಗಲಾಟೆ?" ನಗಬೇಡಿ. ಹಿಂದಕ್ಕೆ ಬರುತ್ತಿದ್ದ ಇನ್ನೊಂದು ಬಸ್ಸಿನ ಚಕ್ರದಿಂದ ಅವರನ್ನು ಎಳೆದವನು ನಾನು. ಆಮೇಲೆ ಅವರ ಜೊತೆ ಹೊರಟರೆ ಕಣ್ಣಿನ ಕೆಲಸವೂ ನನ್ನದೇ.

ಆ ದಿನ ಕಾಪುವಿನ ಸಂತೆಯ ಗದ್ದಲದಲ್ಲಿ ಉರುಳಿ ಎಂಬ ಅಗಲ ಬಾಯಿಯ ಕಂಚಿನ ಪಾತ್ರೆಯೊಂದನ್ನು ಕೊಂಡು ಉಡುಪಿಗೆ ಹೊರಟಿದ್ದೆವು. ಹೊಳೆಗೆ ಆಗ ಸೇತುವೆ ಇಲ್ಲ, ದೋಣಿಯೇ ಗತಿ. ಮಾವ ಮೀನಿನ ಹಾಗೆ ಈಜುವವರು, ನಾನೋ, ಕಲ್ಲು! ನಡುಹೊಳೆಯಲ್ಲಿ ಅವರು ಉರುಳಿ ಬಡಿಯುತ್ತಿದ್ದಾಗ ನನ್ನ ಪಾದ ತಣ್ಣಗಾಯಿತು. ನೋಡಿದರೆ, ದೋಣಿಯ ತಳ ಬಿರಿದು ನೀರು ನುಗ್ಗುತ್ತಿದೆ!

"ಮಾವ, ನೀರು!"

"ದಡದಲ್ಲಿ ಕುಡಿಯುವ. ಸ್ವಲ್ಪ ಸುಮ್ಮನಿರು ಮಾರಾಯ."

"ಯಜಮಾನ್ರೇ, ಆ ಉರುಳಿ ಕೊಡಿ, ನೀರು ಹೊರಗೆ ಹಾಕುವ!" ದೋಣಿಯವನು ಹುಟ್ಟು ಹಾಕುತ್ತಲೇ ಕಿರುಚಿದ.

"ತಡೆ. ಇದರಲ್ಲಿ ಎಲ್ಲೋ ಬಿರುಕು ಉಂಟು."

ಉರುಳಿಯಲ್ಲಿ ಬಿರುಕಂತೆ! ನಾನು ಅದನ್ನು ಕಿತ್ತುಕೊಂಡು ನೀರು ಮೊಗೆದು ಚೆಲ್ಲತೊಡಗಿದೆ. ಮಾವ ಬಿಟ್ಟರೇ? ಉರುಳಿ ಮೇಲೆ ಬಂದಾಗಲೆಲ್ಲ ಅಂಚಿಗೊಂದು ಪೆಟ್ಟು! ಮೊಗೆದಷ್ಟೂ ನೀರು ಏರಿತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಕೊನೆಗೆ ದೋಣಿಯ ತಳ ದಡದ ಮರಳಿಗೆ ತಾಗಿತು.

"ಬಿರುಕು ಸಿಕ್ಕಿತು! ಹಿಡಿಯ ಬುಡದಲ್ಲಿ!" ಎಂದು ಮಾವ ಕುಣಿದಾಡುವಂತೆ ಕೂಗಿದರು.

ಬೈಯಬೇಕೆಂದು ಏಳಹೋದೆ. ಏಳಲಾಗಲಿಲ್ಲ, ಹಿಂದಿನಿಂದ ಯಾರೋ ಎಳೆದಂತಾಯಿತು. ತಿರುಗಿದರೆ, ನನ್ನ ಅಂಗಿಯ ಬೆನ್ನು ಮಾವನ ಎಡಗೈಯ ಮುಷ್ಟಿಯಲ್ಲಿ! ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿ ಹಿಡಿದಿದ್ದರು, ಬೆರಳುಗಳು ಬಿಳಿಚಿದ್ದವು. ನೀರನ್ನೇ ನೋಡುತ್ತಿದ್ದ ನನಗೆ ಅಷ್ಟು ಹೊತ್ತೂ ಅದು ಗೊತ್ತೇ ಆಗಿರಲಿಲ್ಲ.

"ಇದು ಎಂತ ಮಾವ?"

ಅವರು ಬೇರೆ ಯಾರದೋ ಕೈಯನ್ನು ಕಂಡವರಂತೆ ಅದನ್ನೇ ನೋಡಿದರು.

"ಅರೆ! ಇದನ್ನು ಯಾವಾಗ ಹಿಡಿದೆ ಮಾರಾಯ?"