ನೊರೆ ಬಂದರೆ ಹೆಣ್ಣು ಕೊಡ್ತೀವಿ

ನಮ್ಮ ಕಡೆ ಯಾವ ಪ್ರಯೋಗವೂ ಕೊನೆತನಕ ಪ್ರಯೋಗವಾಗಿ ಉಳಿಯುವುದಿಲ್ಲ. ನಾಲ್ಕು ಜನ ಬಂದು ಬಗ್ಗಿ ನೋಡಿದರೆ ಅದು ಪಂಚಾಯಿತಿಯಾಗುತ್ತದೆ. ಐದನೆಯವರು ಬಂದರೆ ಬೀಗತನದ ಮಾತಾಗುತ್ತದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ನಾನು ದುಬಾರಿ ಯಂತ್ರಗಳ ಮುಂದೆ ಕೂತು ರಸಾಯನಶಾಸ್ತ್ರ ಕಲಿತೆ. ಅಲ್ಲಿಗೆ ಯಾರೂ ಎಲೆ ಅಡಿಕೆ ಹಿಡಿದುಕೊಂಡು ಬರಲಿಲ್ಲ. ಆದ್ದರಿಂದ ಹತ್ತನೆಯ ತರಗತಿಯಲ್ಲಿ, ಕೊಪ್ಪಳದ ನಮ್ಮ ಶಾಲೆಯಲ್ಲಿ ಮಾಡಿದ್ದೇ ನನ್ನ ಬದುಕಿನ ಏಕೈಕ ಉಪಯುಕ್ತ ಸಂಶೋಧನೆ ಎಂದು ತೀರ್ಮಾನಿಸಿದ್ದೇನೆ.

ಜ್ವಾಲಾಮುಖಿ ಬೇಡ

ಕೊಪ್ಪಳ ಜಿಲ್ಲೆಯಲ್ಲಿ ಜ್ವಾಲಾಮುಖಿ ಇಲ್ಲ. ಆದರೂ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಅದು ವರ್ಷಾವರ್ಷ ಸಿಡಿಯುತ್ತಿತ್ತು. ಮಣ್ಣಿನ ಗುಡ್ಡ, ಅದರೊಳಗೆ ಅಡುಗೆ ಸೋಡಾ, ಮೇಲೆ ಲಿಂಬೆರಸ, ಬಣ್ಣಕ್ಕೆ ಕುಂಕುಮ. ಆ ವರ್ಷ ನಮ್ಮ ವಿಜ್ಞಾನದ ಸರ್, "ಜ್ವಾಲಾಮುಖಿ ಸಾಕು. ಈ ಸಲ ನೀರಿನ ಗಡಸುತನ ಅಳಿಯೂಣು," ಎಂದರು.

ಈ ದಿಢೀರ್ ಸಂಶೋಧನಾಸಕ್ತಿ ಎಲ್ಲಿಂದ ಬಂತೆಂದು ನಮ್ಮ ಶಾಲೆಯ ಸಿಪಾಯಿ ಅಂದೇ ಸಂಜೆ ತಿಳಿಸಿದ. ಸರ್ ಯಲಬುರ್ಗಾ ಕಡೆಯ ಒಂದು ಹಳ್ಳಿಯವರು. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಕೊನೆಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗಿ ಗಂಗಾವತಿ ಕಡೆಯ ಸಿದ್ದಾಪುರದವರು, ನರ್ಸ್. ಜಾತಕ ಕೂಡಿತ್ತು, ಎತ್ತರ ಕೂಡಿತ್ತು, ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಯೂ ಆಗಿತ್ತು. ಹುಡುಗಿಯ ಅಪ್ಪ ಮಾತ್ರ ಒಂದು ಮಾತಿಗೆ ಅಂಟಿಕೊಂಡು ಕೂತಿದ್ದರು.

"ಹುಡುಗ ಛಲೋ ಅದಾನ. ಆದ್ರ ಅವರ ಊರ ನೀರಾಗ ಬ್ಯಾಳಿ ಬೇಯಂಗಿಲ್ಲ. ಸವಳು ನೀರಿನ ಊರಿಗೆ ನಾ ಹೆಣ್ಣು ಕೊಡಂಗಿಲ್ಲ."

ಇದು ನಮ್ಮಲ್ಲಿ ಹಳೆಯ ಪರೀಕ್ಷೆ. ಗಂಗಾವತಿ ಕಡೆ ಕಾಲುವೆ ಇದೆ. ಅಲ್ಲಿಯವರು ಸಿಹಿನೀರನ್ನು ತಾವೇ ಕಂಡುಹಿಡಿದವರಂತೆ ಓಡಾಡುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಬೋರ್‌ವೆಲ್ಲೇ ಗತಿ. ಅಲ್ಲಿ ಬೆಳಿಗ್ಗೆ ಒಲೆಯ ಮೇಲಿಟ್ಟ ತೊಗರಿಬೇಳೆ ಮಧ್ಯಾಹ್ನವೂ ತನ್ನ ವ್ಯಕ್ತಿತ್ವ ಕಾಪಾಡಿಕೊಂಡಿರುತ್ತದೆ.

ಸರ್ ಹುಡುಗಿಯ ಅಪ್ಪನಿಗೆ, "ಬಾಯಿಲೆ ಅಂದ್ರ ನಡಿಯಂಗಿಲ್ಲರಿ. ನಮ್ಮ ಹುಡುಗ್ರು ಅಳದು ತೋರಸ್ತಾರ, ಬರ್ರಿ," ಎಂದು ಪ್ರದರ್ಶನಕ್ಕೆ ಕರೆದುಬಿಟ್ಟಿದ್ದರು. ಹೆಡ್‌ಮಾಸ್ಟರು ಅನುಮತಿ ಕೊಟ್ಟರು: "ಮಾಡ್ರಿ. ಆದ್ರ ಬಾಜೂಕ ಒಂದು ಜ್ವಾಲಾಮುಖಿನೂ ಇರ್ಲಿ. ಮಂದಿ ಕೇಳ್ತಾರ."

ನಮ್ಮ ಗುಂಪಿನ ಪ್ರಾಜೆಕ್ಟಿಗೆ 'ಜಿಲ್ಲೆಯ ನೀರಿನ ಗಡಸುತನ: ಒಂದು ಅಧ್ಯಯನ' ಎಂದು ಸರ್ ಹೆಸರಿಟ್ಟರು. ನಾವು ಅದನ್ನು 'ಸರ್ ಮದುವಿ' ಎಂದೇ ಕರೆಯುತ್ತಿದ್ದೆವು.

ಎಲ್ಲ ಊರೂ ಒಂದೇ

ವಿಧಾನ ಸರಳ. ಪ್ರನಾಳದಲ್ಲಿ ನೀರು ಹಾಕಬೇಕು, ಸೋಪಿನ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು, ಅಲ್ಲಾಡಿಸಬೇಕು. ಮೆದು ನೀರಾದರೆ ಒಂದೆರಡು ಹನಿಗೇ ನೊರೆ ನಿಲ್ಲುತ್ತದೆ. ಗಡಸು ನೀರು ಹನಿಗಳನ್ನು ನುಂಗುತ್ತಲೇ ಹೋಗುತ್ತದೆ. ಸೋಪು ಕರಗಿಸಲು ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದೆವು. ಸೋಪು ತರುವ ಹೊಣೆ ಸರ್ ಹೊತ್ತರು.

ಮೊದಲ ದಿನ ಸರ್ ಊರಿನ ನೀರಿಗೆ ಒಂದು ಹನಿ ಬಿಟ್ಟೆ. ಪ್ರನಾಳದ ಬಾಯಿತನಕ ನೊರೆ. ಗೆಳತಿಯೊಬ್ಬಳು ತಂದಿದ್ದ ಸಿದ್ದಾಪುರದ ನೀರಿಗೂ ಒಂದು ಹನಿ. ಅಷ್ಟೇ ನೊರೆ.

"ನೋಡಿದ್ರೇನು?" ಸರ್ ಮೇಜು ಬಡಿದರು. "ಎರಡೂ ಊರು ಒಂದ. ಮಂದಿ ಸುಮ್ನ ಹೆಸರಿಡ್ತಾರ."

ನಾನು ಡಬ್ಬಿ ನೋಡಿದೆ. ಅದರಲ್ಲಿದ್ದುದು ಬಟ್ಟೆ ಒಗೆಯುವ ಪೌಡರು.

"ಸರ್, ಇದು ಸೋಪಲ್ಲ, ಡಿಟರ್ಜೆಂಟ್. ಇದು ಸಮುದ್ರದ ನೀರಾಗೂ ನೊರಿ ಕೊಡ್ತೈತಿ. ಪುಸ್ತಕದಾಗ ಐತಿ."

"ಯಾವ ಪಾಠದಾಗ?"

"ಮೊನ್ನೆ ನೀವ ಮಾಡಿದ ಪಾಠದಾಗರಿ."

ಸರ್ ನನ್ನನ್ನೇ ನೋಡಿದರು. "ನೀ ಭಾಳ ಶಾಣ್ಯಾಕಿ ಅದಿ. ನಿನ್ನ ಮದುವಿ ಮುಂದ ನೋಡೂಣಂತ," ಎಂದರು.

ಮರ್ಯಾದೆಯ ನೀರು

ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹುಡುಗರಿಗೆಲ್ಲ ತಮ್ಮ ಊರ ನೀರು ತರಲು ಹೇಳಿದೆವು. ಮರುದಿನ ಮೇಜಿನ ತುಂಬ ಬಾಟಲಿ. ಈ ಸಲ ನಿಜವಾದ ಸೋಪು. ಯಲಬುರ್ಗಾ ಕಡೆಯ ನೀರಿಗೆ ಒಂದು ಹನಿ, ನೊರೆ. ಕುಷ್ಟಗಿ ಕಡೆಯದಕ್ಕೆ ಒಂದು ಹನಿ, ನೊರೆ. ಕನಕಗಿರಿಯದಕ್ಕೂ ಅದೇ. ಜಿಲ್ಲೆಯ ನೀರಿನ ಸಮಸ್ಯೆ ರಾತ್ರಿ ಕಳೆಯುವುದರೊಳಗೆ ಬಗೆಹರಿದಿತ್ತು.

ನನಗೆ ನಂಬಿಕೆ ಬರಲಿಲ್ಲ. ಕುಷ್ಟಗಿ ಕಡೆಯ ಹುಡುಗನನ್ನು ಕೇಳಿದೆ: "ಇದು ಬೋರಿನ ನೀರೇನು?"

"ಅಲ್ಲ, ಫಿಲ್ಟರ್ ನೀರು. ನಮ್ಮವ್ವ ಬೋರಿನ ನೀರು ತುಂಬಾಕ ಬಿಡಲಿಲ್ಲ. ಮಂದಿಗೆ ತೋರಸೂದಕ್ಕ ಅಂತಾದ್ದು ಕಳಸ್ತಾರೇನು ಅಂದಳು."

ಎಲ್ಲರ ಮನೆಯಲ್ಲೂ ಇದೇ ಆಗಿತ್ತು. ಹೊರಗಿನವರ ಕಣ್ಣಿಗೆ ಬೀಳುವ ನೀರು ಅತಿಥಿಗೆ ಕೊಡುವ ನೀರು. ಅದು ಊರ ಶುದ್ಧ ನೀರಿನ ಘಟಕದಿಂದಲೇ ಬರಬೇಕು. ಸಾಣಾಪುರದವನೊಬ್ಬ ಮಾತ್ರ ಪ್ರಾಮಾಣಿಕವಾಗಿ ಕೆರೆಯ ನೀರು ತಂದಿದ್ದ. ಅದಕ್ಕೆ ನಾವು ಸೋಪು ಹಾಕುವ ಮೊದಲೇ ನೊರೆ ಬಂತು. ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ತುಂಬಿಕೊಂಡಿದ್ದನಂತೆ.

ಕೊನೆಗೆ ನಾನು, "ದನಕ್ಕ ಕುಡಸೂ ನೀರು ತರ್ರಿ. ಅದನ್ನ ಯಾರೂ ಸಿಂಗಾರ ಮಾಡಂಗಿಲ್ಲ," ಎಂದೆ. ಆಗ ಸತ್ಯ ಬಂತು. ಸರ್ ಊರಿನ ನೀರಿಗೆ ಹನಿ ಬಿಡುತ್ತ ಹೋದೆ. ನೊರೆಯ ಸುಳಿವಿಲ್ಲ; ಹಾಲು ಒಡೆದಂತೆ ಬಿಳಿ ಗಸಿ ಮಾತ್ರ ತೇಲುತ್ತಿತ್ತು. ಸರ್ ಉಸಿರು ಹಿಡಿದು ನಿಂತಿದ್ದರು. ಸೋಪಿನ ಬಾಟಲಿ ಅರ್ಧ ಖಾಲಿಯಾದ ಮೇಲೆ ಮೆಲ್ಲಗೆ ಅಂದರು:

"ಸೋಪ ಸರಿ ಇಲ್ಲ."

ಹಾಲಿನವನ ವಿನಂತಿ

ನಾವು ನೀರು ಪರೀಕ್ಷಿಸುತ್ತೇವೆಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಒಬ್ಬ ಅಜ್ಜಿ ತಂಬಿಗೆ ತಂದು, ಈ ನೀರಿಂದ ಮೊಣಕಾಲು ನೋಯುತ್ತದೋ ವಯಸ್ಸಿನಿಂದ ನೋಯುತ್ತದೋ ಹೇಳು ಎಂದಳು. ಶಾಲೆಯ ಎದುರಿನ ಚಹಾದಂಗಡಿಯವನು ಬಾಟಲಿಯಲ್ಲಿ ಹಾಲು ತಂದ.

"ಇದರಾಗ ನೀರು ಎಷ್ಟೈತಿ ನೋಡವಾ."

"ನಾವು ಹಾಲು ನೋಡಂಗಿಲ್ಲರಿ, ಬರೇ ನೀರು."

"ನಾನೂ ಅದನ್ನ ಹೇಳಾಕತ್ತೀನಿ. ಇದರಾಗ ಬರೇ ನೀರ ಐತಿ."

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಹಾಲು ಹಾಕುವವನೇ ಬಂದ. ಜಗಳಕ್ಕೆ ಬಂದನೆಂದು ನಾವು ಹಿಂದೆ ಸರಿದೆವು. ಅವನು ಒಂದು ಬಾಟಲಿ ನೀರು ಮುಂದಿಟ್ಟು ದನಿ ತಗ್ಗಿಸಿದ:

"ನಾ ಹಾಕೂದು ಸಿಹಿನೀರು. ನೋಡ್ರಿ ಬೇಕಾದ್ರ. ಸವಳು ನೀರು ಹಾಕಿ ಮಂದಿಗೆ ಮೋಸ ಮಾಡೂ ಪೈಕಿ ನಾ ಅಲ್ಲ. ಇಷ್ಟು ಅವಂಗ ಹೇಳಿಬಿಡ್ರವಾ."

ಪರೀಕ್ಷಿಸಿದೆವು. ಪಾಪ, ನಿಜ ಹೇಳಿದ್ದ.

ಎರಡು ಕ್ಯಾನು

ಪ್ರದರ್ಶನದ ದಿನ ಹುಡುಗಿಯ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಸಿದ್ದಾಪುರದಿಂದ ಬಂದರು. ಎರಡೂ ಊರ ನೀರನ್ನು ತಮ್ಮ ಕಣ್ಣೆದುರೇ ನೋಡಬೇಕು, ಅವರವರ ನೀರು ಅವರವರೇ ತರಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ತಮ್ಮ ಕ್ಯಾನು ತಂದಿದ್ದರು. ಇತ್ತ ಸರ್ ಅವ್ವ ತಮ್ಮ ಊರಿಂದ ಕ್ಯಾನು ಹೊತ್ತು ಬಸ್ಸಿಳಿದಿದ್ದರು. ಸ್ವಲ್ಪ ಹೊತ್ತಿಗೆ ಆ ಹುಡುಗಿಯೂ, ಅಂದರೆ ನರ್ಸಕ್ಕನೂ, ಡ್ಯೂಟಿ ಮುಗಿಸಿ ಚೀಲದೊಂದಿಗೆ ಬಂದರು.

ಅಪ್ಪನವರು ಬಂದವರೇ ಪಕ್ಕದ ಮೇಜಿನ ಮುಂದೆ ನಿಂತರು. ಅಲ್ಲಿ ಆಗಷ್ಟೇ ಜ್ವಾಲಾಮುಖಿ ಉಕ್ಕಿ, ಕೆಂಪು ನೊರೆ ಮೇಜಿನಿಂದ ಕೆಳಗೆ ಸುರಿಯುತ್ತಿತ್ತು.

"ಇದು ಯಾವ ಊರ ನೀರು?" ಎಂದು ಕೇಳಿದರು. "ನೊರಿ ಭಾಳ ಛಲೋ ಬರಾಕತ್ತೈತಿ."

ಅವರನ್ನು ನಮ್ಮ ಮೇಜಿಗೆ ತಿರುಗಿಸಿ ಕುರ್ಚಿಯಲ್ಲಿ ಕೂರಿಸಿದೆವು. ಸರ್ ಹಣೆಯ ಮೇಲೆ ಬೆವರು. ನಾನು ಸಿದ್ದಾಪುರದ ನೀರಿಗೆ ಒಂದು ಹನಿ ಬಿಟ್ಟೆ. ನೊರೆ. ಅಪ್ಪನವರು ಮೀಸೆ ಮುಟ್ಟಿಕೊಂಡರು. ಸರ್ ಊರಿನ ನೀರಿಗೆ ಒಂದು ಹನಿ ಬಿಟ್ಟೆ. ನೊರೆ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಸರ್‌ಗೆ.

"ಯವ್ವಾ, ಇದು ಬೋರಿನ ನೀರೇನು?" ಎಂದರು, ಬಾಯಿ ತಪ್ಪಿ.

"ಬೀಗರಾಗೋರ ಮುಂದ ಬೋರಿನ ನೀರು ಇಡ್ತಾರೇನು? ಫಿಲ್ಟರಿಂದ ತಂದೀನಿ," ಎಂದರು ಅವ್ವ.

"ನೋಡ್ರಿ, ಮೋಸ," ಎಂದು ಅಪ್ಪನವರು ಎದ್ದುನಿಂತರು.

ಅಷ್ಟರಲ್ಲಿ ನರ್ಸಕ್ಕ ಅಪ್ಪನ ಕ್ಯಾನಿನ ಕಡೆ ನೋಡಿದರು. "ಅಪ್ಪಾ, ಕಾಲುವಿ ಬಂದ್ ಮಾಡ್ಯಾರಲ್ಲ. ನೀ ಎಲ್ಲಿಂದ ತಂದಿ?"

ಅಪ್ಪನವರು ಕೂತರು. "ಕಾಲುವಿ ನೀರು ಇದ್ದಿದ್ರ ಅದನ್ನ ತರತಿದ್ದೆ," ಎಂದರು.

ಒಂದೇ ಬಗೆಯ ಎರಡು ಘಟಕಗಳ ನೀರನ್ನು ಹೋಲಿಸಿ ನಾವು ಎರಡು ಮನೆತನಗಳ ಭವಿಷ್ಯ ನಿರ್ಧರಿಸಲು ಹೊರಟಿದ್ದೆವು. ನರ್ಸಕ್ಕನೇ ಮಾತಾಡಿದರು:

"ನಾ ಕೆಲಸ ಮಾಡೂದು ಕೊಪ್ಪಳದ ದವಾಖಾನ್ಯಾಗ. ಅವ್ರು ಕಲಸೂದು ಕೊಪ್ಪಳದ ಸಾಲ್ಯಾಗ. ಮದುವಿ ಆದಮ್ಯಾಲೆ ಇರೂದೂ ಇಲ್ಲೇ. ಆ ಊರ ನೀರು, ಈ ಊರ ನೀರು ಅಂತ ಕೂತೀರಿ. ಕೊಪ್ಪಳದ ನೀರು ಯಾರರ ನೋಡೀರೇನು?"

ಆರು ತಿಂಗಳ ಬೀಗತನದಲ್ಲಿ ಈ ಅಂಶ ಯಾರಿಗೂ ಹೊಳೆದಿರಲಿಲ್ಲ. ವಿಜ್ಞಾನದ ಸರ್‌ಗೂ.

ಶಾಲೆಯ ನಲ್ಲಿಯಿಂದ ನೀರು ಹಿಡಿದು ತಂದೆ. ಹನಿ ಬಿಟ್ಟೆ, ಅಲ್ಲಾಡಿಸಿದೆ. ಮತ್ತೆ ಬಿಟ್ಟೆ. ಸೋಪಿನ ಬಾಟಲಿ ಪೂರ್ತಿ ಮುಗಿಯಿತು. ನೊರೆ ಬರಲಿಲ್ಲ. ಅದೇ ಹೊತ್ತಿಗೆ ತೀರ್ಪುಗಾರರು ಬಂದು ಪ್ರನಾಳ ಎತ್ತಿ ನೋಡಿದರು.

"ಇದೇನು, ಮಜ್ಜಿಗಿ ಮಾಡೂ ಪ್ರಯೋಗನ?"

"ಕೊಪ್ಪಳದ ಬೋರಿನ ನೀರು ಸರ್."

ಅವರು ಕೊಪ್ಪಳದವರೇ. ಪ್ರನಾಳವನ್ನು ಮೆಲ್ಲಗೆ ಕೆಳಗಿಟ್ಟು, ಜ್ವಾಲಾಮುಖಿಗೆ ಮೊದಲ ಬಹುಮಾನ ಕೊಟ್ಟು ಹೋದರು.

ನಲ್ಲಿ ನೋಡುವ ಶಾಸ್ತ್ರ

ಅಪ್ಪನವರು ಸೋಲೊಪ್ಪುವ ಜಾತಿಯಲ್ಲ. ಷರತ್ತು ಬದಲಿಸಿದರು: "ಊರಿನ ಮಾತು ಬಿಟ್ಟೆ. ಕೊಪ್ಪಳದಾಗ ನೊರಿ ಬರೂ ನೀರಿನ ಮನಿ ಬಾಡಿಗಿಗೆ ಹಿಡೀರಿ. ಆಮ್ಯಾಲೆ ಮುಹೂರ್ತ."

ಹೀಗೆ ಪ್ರತಿ ಭಾನುವಾರ ನಮ್ಮ ಮೆರವಣಿಗೆ ಹೊರಡುತ್ತಿತ್ತು. ಮುಂದೆ ಅಪ್ಪನವರು, ಹಿಂದೆ ಸರ್ ಅವ್ವ, ನಡುವೆ ಸರ್ ಮತ್ತು ನರ್ಸಕ್ಕ, ಕೊನೆಗೆ ಪ್ರನಾಳದ ಸ್ಟ್ಯಾಂಡು ಹಿಡಿದ ನಾನು. ಮನೆಯವರು ಚಾಪೆ ಹಾಸುತ್ತಿದ್ದರು, ಚಹಾ ಕೊಡುತ್ತಿದ್ದರು, ನಂತರ ನಲ್ಲಿಯನ್ನು ತೋರಿಸುತ್ತಿದ್ದರು. ನಾವೆಲ್ಲ ಅದನ್ನು ಮೇಲಿಂದ ಕೆಳಗೆ ನೋಡಿ, "ಮನಿಗೆ ಹೋಗಿ ತಿಳಸ್ತೀವಿ," ಎಂದು ಬರುತ್ತಿದ್ದೆವು. ಒಬ್ಬ ಮಾಲೀಕನ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಮನಿ ನೋಡಾಕ ಬಂದೀರೋ, ನಮ್ಮ ನಳಕ್ಕ ಗಂಡು ತಂದೀರೋ?"

ಬಹಳ ಮನೆಗಳಾದ ಮೇಲೆ ಒಂದು ಮನೆಯಲ್ಲಿ ಎರಡನೆಯ ಹನಿಗೇ ನೊರೆ ನಿಂತಿತು. ಆ ಓಣಿಗೆ ಹೊಳೆ ನೀರಿನ ಸಂಪರ್ಕವಿತ್ತು. ಸರ್ ಮುಖ ಅರಳಿತು, ಅಪ್ಪನವರು ತಲೆಯಾಡಿಸಿದರು. ಮಾಲೀಕನೂ ಪ್ರನಾಳವನ್ನು ಬೆಳಕಿಗೆ ಹಿಡಿದು ನೋಡಿದ.

"ಹಿಂಗಾದ್ರ ಭಾಳ ಛಲೋ ನೀರದು," ಎಂದ. "ನನಗ ಗೊತ್ತಿರಲಿಲ್ಲ. ಬಾಡಿಗಿ ಸ್ವಲ್ಪ ಹೆಚ್ಚ ಮಾಡಬೇಕಾಕ್ಕೈತಿ."

ಅಲ್ಲಿಂದ ಹೊರಬಂದೆವು. ಅದೇ ಓಣಿಯಲ್ಲಿ ಇನ್ನೊಂದು ಮನೆ ಖಾಲಿಯಿತ್ತು. ಮಾಲೀಕ ಕೆಳಗಿನ ಮನೆಯಲ್ಲೇ ಇದ್ದ. ಬಾಗಿಲು ಬಡಿಯುವ ಮೊದಲು ನರ್ಸಕ್ಕ ನನ್ನ ಕೈಯಿಂದ ಪ್ರನಾಳ ತೆಗೆದುಕೊಂಡರು. ಮಾಲೀಕ ಮೇಲಿನ ಮನೆ ತೋರಿಸಿದ ಮೇಲೆ ಅಲ್ಲಿಯ ನಲ್ಲಿ ನೀರು ತುಂಬಿದರು. ಒಂದು ಹನಿ ಬಿಟ್ಟರು. ಅಲ್ಲಾಡಿಸಲಿಲ್ಲ. ಜ್ವರ ನೋಡುವವರಂತೆ ಕಣ್ಣ ಹತ್ತಿರ ಹಿಡಿದು, ದವಾಖಾನೆಯಲ್ಲಿ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಅಂದರು:

"ನೊರಿ ಬರವಲ್ದು."

ಮಾಲೀಕನ ಮುಖ ಬಾಡಿತು. "ಭಾಳ ಕೆಟ್ಟೈತೇನಕ್ಕಾ?"

"ಏನ್ ಹೇಳ್ಲಿರಿ. ನಾವರ ಹೆಂಗರ ಇರ್ತೀವಿ. ಬಾಡಿಗಿ ನೀವ ನೋಡಿ ಹೇಳ್ರಿ."

ಅವನು ನೋಡಿ ಹೇಳಿದ. ಅಲ್ಲೇ ಮಾತು ಮುಗಿಯಿತು. ಅಪ್ಪನವರು ಮಗಳ ಕಡೆ ಒಮ್ಮೆ, ಸರ್ ಕಡೆ ಒಮ್ಮೆ ನೋಡಿದರು. ಹೊರಗೆ ಬಂದ ಮೇಲೆ ಸರ್ ಹೆಗಲ ಮೇಲೆ ಕೈಯಿಟ್ಟು, "ನಾ ಇಷ್ಟು ದಿನ ನಿಮ್ಮ ಊರಿಗೆ ಹೆದರತಿದ್ದೆ. ನೀವು ಯಾರಿಗೆ ಹೆದರಬೇಕಂತ ಈಗ ನಿಮಗ ತಿಳೀತಲ್ಲ," ಎಂದರು. ಮುಂದಿನ ತಿಂಗಳು ಮದುವೆಯಾಯಿತು.

ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ಕಳೆದ ಸಲ ಹೋದಾಗ ಸರ್ ನಲ್ಲಿಯಿಂದಲೇ ಹಿಡಿದು ಲೋಟದ ತುಂಬ ನೀರು ಕೊಟ್ಟರು. ಸಕ್ಕರೆಯಂಥ ನೀರು. ಕುಡಿದು ಮೆಟ್ಟಿಲಿಳಿಯುವಾಗ ಮಾಲೀಕ ಎದುರಾದ. ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನು ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ.

"ಮ್ಯಾಲಿನವ್ರಿಗೂ ಎಷ್ಟು ಸಲ ಹೇಳೀನಿ, ಆ ನಳದ ನೀರು ಕುಡೀಬ್ಯಾಡ್ರಿ ಅಂತ," ಎಂದ. "ಕಲತೋರು ನೋಡವಾ, ಮಾತು ಕೇಳಂಗಿಲ್ಲ."