ಮುನಿಯಮ್ಮನವರಿಗೆ ಬಂದ ಅನುಮಾನ

ನನಗೊಂದು ಕೆಟ್ಟ ಅಭ್ಯಾಸವಿದೆ. ಆಫೀಸಿನಲ್ಲಿ ಏನೇ ಭಾಷಣ ಮಾಡುವುದಿದ್ದರೂ ಅದನ್ನು ಮೊದಲು ಏನೂ ಅರ್ಥವಾಗದವರ ಮುಂದೆ ಒಪ್ಪಿಸುತ್ತೇನೆ. ಅರ್ಥವಾಗದವರು ತಲೆಯಾಡಿಸುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಧಾರವಾಡದಲ್ಲಿದ್ದಾಗ ಈ ಉಪಕಾರವನ್ನು ಅವ್ವ ಮಾಡುತ್ತಿದ್ದಳು. ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು ಎಂಬುದು ಬೇರೆ ಮಾತು. ಜಕ್ಕೂರಿಗೆ ಬಂದ ಮೇಲೆ ಆ ಜಾಗಕ್ಕೆ ನಮ್ಮ ಮನೆಯ ಓನರ್ ಮುನಿಯಮ್ಮನವರನ್ನು ನೇಮಿಸಿಕೊಂಡೆ.

ನನ್ನ ಕೆಲಸ ಕ್ವಾಂಟಮ್ ಕಂಪ್ಯೂಟರಿಗೆ ಲೆಕ್ಕದ ವಿಧಾನ ಬರೆಯುವುದು. ಮೋಡ, ಸುಳಿ, ಹೊಗೆ, ಹೀಗೆ ಊಹೆಗೆ ಸಿಗದೆ ಅಡ್ಡಾದಿಡ್ಡಿ ಸಾಗುವುದನ್ನೆಲ್ಲ ಅದರಿಂದ ಅಭ್ಯಾಸ ಮಾಡಬಹುದೇ ಎಂದು ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ. ಯೋಜನೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವ ಸಭೆ ಸೋಮವಾರ ಇತ್ತು. ಭಾನುವಾರ ಬೆಳಗ್ಗೆ ಮುನಿಯಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಶುರು ಮಾಡಿದೆ.

"ನೋಡ್ರಿ ಅಮ್ಮ, ಕಾಲುವೆಗೆ ಎರಡು ಎಲಿ ಪಕ್ಕಪಕ್ಕ ಬಿಟ್ರ, ಸ್ವಲ್ಪ ಹೊತ್ತಿಗೆ ಒಂದು ಎಲ್ಲೋ, ಇನ್ನೊಂದು ಎಲ್ಲೋ. ನಮ್ಮ ಮಷಿನ್ ಮಾತ್ರ ಭಾಳ ಶಿಸ್ತಿಂದು. ಅದರೊಳಗ ಪಕ್ಕಪಕ್ಕ ಹೊಂಟ ಎರಡು ಲೆಕ್ಕ ಕೊನೀತನಕ ಅಷ್ಟ ಹತ್ರ ಇರ್ತಾವ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಎಲೆ ದೂರ ಆಯ್ತದೆ ಅಂತೀಯ, ಮಿಷನ್ನಾಗೆ ದೂರ ಆಗಲ್ಲ ಅಂತೀಯ. ಮತ್ತೆ ಇದು ಅದನ್ನ ಎಂಗಮ್ಮ ತೋರಿಸ್ತದೆ?"

ಮನಸ್ಸಿನಲ್ಲೇ ಸ್ಲೈಡುಗಳನ್ನು ತಿರುವಿ ಹಾಕಿದೆ. ನಾಲ್ಕನೆಯ ಸ್ಲೈಡಿನಲ್ಲಿ ಒಂದು ಮಾತು, ಹನ್ನೊಂದನೆಯದರಲ್ಲಿ ಅದಕ್ಕೆ ಅಡ್ಡ ಬರುವ ಮಾತು. ಎರಡನ್ನೂ ಬರೆದವಳು ನಾನೇ. ಪಿಎಚ್‌.ಡಿ. ಮಾಡಿದ ನಾಲ್ಕು ಜನ ಅದನ್ನು ನೋಡಿ ಅಕ್ಷರದ ಬಣ್ಣ ಬದಲಿಸಲು ಹೇಳಿದ್ದರು. ಮಹಡಿಗೆ ಓಡಿ, ಊಟವನ್ನೂ ಬಿಟ್ಟು ತಿದ್ದಿದೆ. ಒಂದೊಂದು ಎಲೆಯ ಬೆನ್ನು ಹತ್ತುವುದು ಬೇಡ, ಸಾವಿರಾರು ಎಲೆಗಳ ಗುಂಪು ಹೇಗೆ ಹರಡುತ್ತದೆ ಎಂದಷ್ಟೇ ಕೇಳೋಣ, ಅದೂ ಸ್ವಲ್ಪ ಹೊತ್ತಿನ ಮಟ್ಟಿಗೆ. ಗುಂಪಿನ ಲೆಕ್ಕವಾದರೆ ಯಂತ್ರದ ಶಿಸ್ತಿಗೆ ಒಗ್ಗುತ್ತದೆ. ನನ್ನ ದೊಡ್ಡ ದೊಡ್ಡ ಮಾತುಗಳೆಲ್ಲ ಉದುರಿದವು.

ಸೋಮವಾರ ಸಭೆಯ ಅಧ್ಯಕ್ಷರು ಕೇಳಿದ ಮೊದಲ ಪ್ರಶ್ನೆಯೇ ಮುನಿಯಮ್ಮನವರದು. ಈ ಅನುಮಾನ ನಮಗೆ ಮೊದಲೇ ಬಂದಿತ್ತು ಎಂದು, ತಿದ್ದಿದ ಸ್ಲೈಡು ತೋರಿಸಿ ಉತ್ತರಿಸಿದೆ. ಅವರು ಕನ್ನಡಕ ತೆಗೆದು, "ಒಳ್ಳೇ ಅನುಮಾನ ಕಣ್ರೀ. ನಿಮ್ಮಲ್ಲಿ ಯಾರಿಗೆ ಹೊಳೀತು ಇದು?" ಎಂದರು.

"ನನಗೇ ಸರ್" ಎಂದಿತು ನನ್ನ ಬಾಯಿ. ಅದರ ಸಲೀಸು ಕಂಡು ನನಗೇ ಗಾಬರಿಯಾಯಿತು. ಯೋಜನೆ ಉಳಿಯಿತು.

ಸಂಜೆ ಮುನಿಯಮ್ಮ ಗೇಟಿನಲ್ಲೇ ಹಿಡಿದರು. "ನಾನ್ ಕೇಳಿದ್ದನ್ನ ಅವ್ರೂ ಕೇಳಿದ್ರಾ?"

"ಇಲ್ರಿ ಅಮ್ಮ."

"ಪಾಪ, ಅಷ್ಟ್ ಓದ್ಕೊಂಡಿರೋರಿಗೆ ಅಷ್ಟೂ ಒಳೀಲಿಲ್ವಾ" ಎಂದು ಅವರು ಮನಸಾರೆ ನೊಂದುಕೊಂಡರು. ಒಂದೇ ದಿನದಲ್ಲಿ ಎರಡು ಸುಳ್ಳು ಹೇಳಿದವಳು ನಾನು. ಮರುಕ ಮಾತ್ರ ಅಧ್ಯಕ್ಷರ ಪಾಲಾಯಿತು.