ಮುಟ್ಟಿನ ದಿನ ಕೇಳುವವಳ ಕೋಣೆ

ಗೋಕಾಕದ ಕಡೆ ಒಂದು ದವಾಖಾನೆಯಲ್ಲಿ ನಾನು ಹದಿಹರೆಯದ ಹುಡುಗಿಯರ ಆಪ್ತ ಸಮಾಲೋಚಕಿ. ಮುಟ್ಟು ಯಾಕೆ ಏರುಪೇರಾಗುತ್ತದೆ ಎಂದು ತಿಳಿಹೇಳುವುದು ನನ್ನ ಕೆಲಸ. ಹುಡುಗಿಯರು ಬರುವುದೇ ಅಪರೂಪ. ಬಂದ ದಿನ ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ. ಉಳಿದ ದಿನ ಕೋಣೆಯಲ್ಲಿ ನಾನು ಮತ್ತು ಫ್ಯಾನು. ಬಾಡಿಗೆ ಮನೆಗೆ ಹೋದರೆ ಅಲ್ಲಿ ಫ್ಯಾನೂ ಕೆಟ್ಟಿದೆ. ಯಾರಾದರೂ ಬಂದು ನಾಲ್ಕು ಮಾತಾಡಲಿ ಎಂದು ಬಾಗಿಲು ನೋಡುತ್ತಾ ಕೂರುತ್ತೇನೆ, ಸುಳ್ಳೇಕೆ ಹೇಳಲಿ.

ಉತ್ತರ ಕೊಡುವ ಅವ್ವ

ಹುಕ್ಕೇರಿಯ ತಾಯಿಯೊಬ್ಬಳು ಮಗಳನ್ನು ಕರೆತಂದಳು.

"ಬೆಳಿಗ್ಗಿ ಏನ್ ತಿಂತೀಯವಾ?" ಎಂದು ಹುಡುಗಿಯನ್ನು ಕೇಳಿದೆ.

"ಏನೂ ತಿನ್ನೂದಿಲ್ರಿ, ಬರೇ ಚಾ," ಎಂದಳು ತಾಯಿ.

"ನಿದ್ದಿ?"

"ಎಲ್ಲೀ ನಿದ್ದಿ? ಮೊಬೈಲ್ ಹಿಡಕೊಂಡ ಕುಂದರತಾಳ." ಮತ್ತೆ ತಾಯಿಯೇ.

ನಾನು ಕುರ್ಚಿ ತಿರುಗಿಸಿ ಹುಡುಗಿಗೇ ಎದುರಾಗಿ ಕೂತೆ. "ಹೋದ ಸಲ ಯಾವಾಗ ಆಗಿತ್ತು?"

ಬೆನ್ನ ಹಿಂದಿನಿಂದ ಉತ್ತರ ಬಂತು: "ಅಮಾಸಿ ಮರುದಿನ್ರಿ... ತಡೀರಿ, ಅದು ನಂದು!"

ಕೆಂಪು ಸುತ್ತು

ಕೌಜಲಗಿಯ ಹುಡುಗಿಗೆ, ಮುಟ್ಟಾದ ದಿನ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕು ಎಂದಿದ್ದೆ. ನಾಲ್ಕು ತಿಂಗಳ ಮೇಲೆ ಕ್ಯಾಲೆಂಡರನ್ನೇ ಹೊತ್ತು ತಂದಳು. ಎಷ್ಟೊಂದು ಸುತ್ತುಗಳು! ಗಾಬರಿಯಾಗಿ ಡಾಕ್ಟರಿಗೆ ಚೀಟಿ ಬರೆಯತೊಡಗಿದೆ.

"ಎಲ್ಲಾ ನನ್ನವಲ್ರಿ ಅಕ್ಕಾರ. ಎಮ್ಮಿ ಬೆದಿಗೆ ಬಂದ ದಿನಕ್ಕ ಅಪ್ಪಾನೂ ಅದ ಪೆನ್ನಿಲೆ ಸುತ್ತ ಹಾಕ್ಯಾನ."

"ಮತ್ತ ನಿನ್ನವ್ಯಾವು?"

"ಮೂರ ವಾರಕ್ಕೊಮ್ಮಿ ಒಂದ ದಿನಾನೂ ತಪ್ಪದಂಗ ಬಂದಾವಲ್ರಿ, ಅವು ಎಮ್ಮಿವು."

ಮಂಗಳವಾರದ ಡಬ್ಬಿ

ಮೂಡಲಗಿಯ ಹುಡುಗಿಗೆ ಮೂರು ತಿಂಗಳಿಂದ ಮುಟ್ಟೇ ಆಗಿರಲಿಲ್ಲ. ತಂದೆ ತಾಯಿ ದಿನವಿಡೀ ಅಂಗಡಿಯಲ್ಲಿ. ಒಬ್ಬಳೇ ಕೂತು ಉಣ್ಣುವ ಬೇಸರಕ್ಕೆ ಊಟವನ್ನೇ ಬಿಟ್ಟು ಸೊರಗಿದ್ದಳು. ಡಾಕ್ಟರು ಪರೀಕ್ಷಿಸಿ, ಊಟ ಸರಿಪಡಿಸು ಎಂದು ನನ್ನ ಬಳಿ ಕಳಿಸಿದರು.

"ಮಂಗಳವಾರಕ್ಕೊಮ್ಮಿ ಡಬ್ಬಿ ತಗೊಂಡ ಬಾ," ಎಂದೆ. ನಾಲ್ಕೈದು ತಿಂಗಳು ಇಬ್ಬರೂ ಕೂಡಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಉಂಡೆವು. ಹುಡುಗಿಯ ಗಲ್ಲ ತುಂಬಿತು, ನಗು ಬಂತು. ಮುಟ್ಟು ಮಾತ್ರ "ಇನ್ನೂ ಇಲ್ರಿ." ನನಗೆ ಚಿಂತೆ ಹತ್ತಿತು. ಕೊನೆಗೆ, ಬೆಳಗಾವಿಗೆ ಸ್ಕ್ಯಾನಿಂಗಿಗೆ ಕಳಿಸುತ್ತೇನೆ ಎಂದೆ.

"ಬ್ಯಾಡ್ರಿ ಅಕ್ಕಾರ!" ಹುಡುಗಿ ಅಳತೊಡಗಿದಳು. "ಸುಳ್ಳ ಹೇಳೀನಿ. ಎರಡ ತಿಂಗಳಾತು, ಬರೋಬ್ಬರಿ ಆಗಾಕತ್ತೈತಿ. ಖರೆ ಹೇಳಿದ್ರ ನೀವು ಬರಬ್ಯಾಡ ಅಂತಿದ್ರಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಫೈಲಿನಲ್ಲಿ 'ಗುಣವಾಗಿದೆ' ಎಂದು ಬರೆದೆ. ಅವಳ ಮುಖ ಸಣ್ಣದಾಯಿತು. ಮುಂದಿನ ಭೇಟಿಯ ಜಾಗದಲ್ಲಿ 'ಮಂಗಳವಾರ' ಎಂದೂ ಬರೆದೆ.

"ಗುಣ ಆದ ಮ್ಯಾಲ ಯಾಕ್ರಿ?"

"ನಿಂದ ಗುಣಾತು. ನಾ ಇನ್ನೂ ಉಳದ ಆರು ದಿನ ಒಬ್ಬಾಕೀನ ಉಣ್ಣಾಕತ್ತೇನಿ."

ಹುಡುಗಿ ಮೂಗು ಒರೆಸಿಕೊಂಡು ನನ್ನನ್ನು ಮೇಲೆ ಕೆಳಗೆ ನೋಡಿದಳು. "ಹಂಗಾದ್ರ ವಾರಕ್ಕೊಮ್ಮಿ ಸಾಲೂದಿಲ್ರಿ ಅಕ್ಕಾರ. ನಿಮ್ಮ ಕೇಸ್ ನನಕಿಂತ ಭಾಳ ಹಳೇದೈತಿ."